ಬಲಗಡೆಯ ಹಿತ್ತಾಳೆ ಪಟ್ಟಿ

ನಾನು ಮಾಡುವ ಕೆಲಸ ಏನು ಅಂತ ನಮ್ಮಜ್ಜಿಗೆ ಹೇಳಿ ಹೇಳಿ ಸಾಕಾಗಿತ್ತು. ಐಟಿಐ ಮುಗಿಸಿ ಹೂಟಗಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಮೀಟರುಗಳನ್ನು ನೋಡಿಕೊಳ್ಳುವ ವಿಭಾಗಕ್ಕೆ ಸೇರಿದ್ದೆ. ಲಷ್ಕರ್ ಮೊಹಲ್ಲಾದ ನಮ್ಮ ಮನೆ ಬಾಗಿಲಲ್ಲಿ ಕೂತು ಅಜ್ಜಿ ಬಂದವರಿಗೆಲ್ಲ, "ನಮ್ಮ ಹುಡುಗಿ ಗಾಜಿನ ಕೊಳವೆ ನೋಡ್ತಾ ನಿಂತಿರ್ತಾಳಂತೆ ಕಣ್ರೀ, ಅದಕ್ಕೆ ಸಂಬಳವಂತೆ" ಅನ್ನೋಳು. ಒಂದು ದಿನ ಕೂರಿಸಿಕೊಂಡು ಬಿಡಿಸಿ ಹೇಳಿದೆ.

"ನೋಡಜ್ಜಿ, ಎರಡು ಪೈಪು ಇರ್ತವೆ. ಎರಡರಲ್ಲೂ ನೀರು. ಒಂದರಲ್ಲಿ ಒತ್ತಡ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ. ಎಷ್ಟು ವ್ಯತ್ಯಾಸ ಅಂತ ನಡುವೆ ನಿಂತು ಅಳೆಯೋದು."

ಅಜ್ಜಿ ಹೊಸೆಯುತ್ತಿದ್ದ ಬತ್ತಿಯನ್ನು ತೊಡೆಯ ಮೇಲೇ ಬಿಟ್ಟು ನನ್ನ ಮುಖ ನೋಡಿದಳು. "ಅಯ್ಯೋ ಶಿವನೇ! ನಿಮ್ಮ ತಾತನಿಗೂ ಅವರಮ್ಮನಿಗೂ ನಡುವೆ ನಿಂತು ನಾನು ಆಯಸ್ಸೆಲ್ಲ ಅದನ್ನೇ ಅಳೆದೆನಲ್ಲೇ. ನಂಗ್ಯಾರೇ ಕೊಟ್ರು ಸಂಬಳ?"

ನಾನು ಹೇಳಹೊರಟಿರುವುದು ಆ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪಿನ ವಿಷಯ. ಆಗಿ ಏಳೆಂಟು ವರ್ಷವಾಯಿತು. ಈಗ ನನ್ನ ಕಾಲಿನ ನರಗಳು ಊದಿಕೊಂಡಿವೆ, ಸಂಜೆ ಬಸ್ಸು ಹತ್ತುವಾಗ ಕಂಬ ಹಿಡಿದು ಮೈಯನ್ನು ಎಳೆದು ಹಾಕಬೇಕು. ಆದರೂ ಸುಸ್ತು ಅಂದ ಕೂಡಲೇ ನನಗೆ ನನ್ನ ಕಾಲು ನೆನಪಾಗುವುದಿಲ್ಲ. ಇನ್ನೊಬ್ಬರ ಕೈ ನೆನಪಾಗುತ್ತದೆ.

ಒತ್ತಡದ ವ್ಯತ್ಯಾಸ ಅಳೆಯುವ ಈ ಮಾನೋಮೀಟರ್ ಅಂದರೆ ಭಾರೀ ಯಂತ್ರವೇನೂ ಅಲ್ಲ. ಒಂದು ಮರದ ಹಲಗೆ, ಅದರ ಮೇಲೆ ಕುದುರೆ ಲಾಳದ ಹಾಗೆ ಬಗ್ಗಿಸಿದ ಗಾಜಿನ ಕೊಳವೆ, ಕೊಳವೆಯ ಹೊಟ್ಟೆಯಲ್ಲಿ ಪಾದರಸ. ಕೊಳವೆಯ ಎಡಗಾಲಿಗೆ ಒಂದು ಪೈಪಿನಿಂದ ಸಣ್ಣ ನಳಿಕೆ ಬಂದಿರುತ್ತದೆ, ಬಲಗಾಲಿಗೆ ಇನ್ನೊಂದು ಪೈಪಿನಿಂದ. ಎರಡರ ಒತ್ತಡವೂ ಸಮವಿದ್ದರೆ ಪಾದರಸ ಎರಡು ಕಾಲಲ್ಲೂ ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಎಡಗಡೆ ಒತ್ತಿದರೆ ಅಲ್ಲಿ ತಗ್ಗಿ ಬಲಗಡೆ ಏರುತ್ತದೆ. ಕಾಲಿಗೊಂದರಂತೆ ಪಕ್ಕದಲ್ಲಿ ಹಿತ್ತಾಳೆ ಪಟ್ಟಿ, ಪಟ್ಟಿಯ ಮೇಲೆ ಸೆಂಟಿಮೀಟರ್ ಗೆರೆ. ಬಲಗಡೆಯ ಅಂಕಿಯಿಂದ ಎಡಗಡೆಯದನ್ನು ಕಳೆದರೆ ವ್ಯತ್ಯಾಸ ಸಿಕ್ಕಿತು. ಹಲಗೆಯ ನಡುವೆ ಒಂದು ಪುಟ್ಟ ವಾಲ್ವ್ ಇರುತ್ತದೆ. ಅದನ್ನು ತಿರುಗಿಸಿ ತೆಗೆದರೆ ಎರಡು ನಳಿಕೆಯೂ ಒಂದಾಗಿ, ಎರಡು ಪಟ್ಟಿಯೂ ಒಂದೇ ಅಂಕಿ ತೋರಿಸಬೇಕು. ತೋರಿಸಿದರೆ ಮೀಟರು ಸರಿ ಇದೆ ಅಂತ. ಇದಕ್ಕೆ ನಾವು ಸೊನ್ನೆ ನೋಡುವುದು ಅನ್ನುತ್ತಿದ್ದೆವು. ಪ್ರತಿ ಸೋಮವಾರ ಸೊನ್ನೆ ನೋಡಿ ರಿಜಿಸ್ಟರಿನಲ್ಲಿ ಟಿಕ್ ಹಾಕುವುದು ನನ್ನ ಕೆಲಸ.

ಈ ಹಲಗೆ ಇದ್ದದ್ದು ಫಿಲ್ಟರ್ ಮನೆಯಲ್ಲಿ. ಮೆಷಿನ್ನುಗಳು ಕಾಯದಂತೆ ಅವುಗಳ ಸುತ್ತ ನೀರು ಓಡಿಸುತ್ತಿದ್ದರು. ಆ ನೀರು ಮೊದಲು ಫಿಲ್ಟರ್ ಮನೆಗೆ ಬಂದು, ಕಬ್ಬಿಣದ ಡ್ರಮ್ಮಿನೊಳಗಿನ ದಪ್ಪ ಬಟ್ಟೆಚೀಲದಲ್ಲಿ ಸೋಸಿಕೊಂಡು ಹೋಗಬೇಕು. ಡ್ರಮ್ಮಿಗೆ ಬರುವ ಪೈಪು ಹಲಗೆಯ ಎಡಗಾಲಿಗೆ, ಡ್ರಮ್ಮಿನಿಂದ ಹೋಗುವ ಪೈಪು ಬಲಗಾಲಿಗೆ. ಚೀಲ ಹೊಸದಾಗಿ ತೊಳೆದಿದ್ದರೆ ವ್ಯತ್ಯಾಸ ಮೂರು. ಬಟ್ಟೆಯಲ್ಲಿ ಕೆಸರು ಕೂತಷ್ಟೂ ನೀರು ತಿಣುಕುತ್ತದೆ, ನಾಲ್ಕಾಗುತ್ತದೆ, ಐದಾಗುತ್ತದೆ. ಎಂಟಾದಾಗ ಡ್ರಮ್ಮು ಬಿಚ್ಚಿ ಚೀಲ ತೊಳೆಯಬೇಕು. ಸಾಮಾನ್ಯವಾಗಿ ಐದಾರು ದಿನಕ್ಕೊಮ್ಮೆ.

ತೊಳೆಯುವವರು ಯಜಮಾನ್ರು. ಹಾಗಂತ ಎಲ್ಲರೂ ಕರೆಯುತ್ತಿದ್ದರು, ಕೆಲಸ ಮಾತ್ರ ಕಂಟ್ರಾಕ್ಟು. ಹೂಟಗಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲೇ ಹುಟ್ಟಿದವರು, ಗಾರೆ ಕೆಲಸ ಮಾಡಿ ಮಾಡಿ ಮಂಡಿ ಸೋತ ಮೇಲೆ ಫಿಲ್ಟರ್ ಮನೆಗೆ ಬಂದವರು. ಮನೆಯಿಂದ ನಡೆದೇ ಬರುತ್ತಿದ್ದರು. ನಾನು ರೀಡಿಂಗ್ ಬರೆದುಕೊಳ್ಳಲು ಹೋದರೆ, "ಬಂದ್ಯಾ ಮಗ? ತಿಂಡಿ ತಿಂದ್ಯಾ, ಇಲ್ಲಾ ಅಂಗೇ ಓಡ್ಬಂದ್ಬುಟ್ಟಾ?" ಅಂತ ಕೇಳುವವರು ಇಡೀ ಫ್ಯಾಕ್ಟರಿಯಲ್ಲಿ ಅವರೊಬ್ಬರೇ. ನನ್ನ ಕನ್ನಡದಲ್ಲಿ ಅರ್ಧ ಅಜ್ಜಿಯದು, ಉಳಿದರ್ಧ ಅವರದು. ಮಾತಿಗೆ ಮಾತು ಪೋಣಿಸಿ ಅವರು ಹೇಳುತ್ತಿದ್ದರೆ ಪೆನ್ನು ಹಿಡಿದು ನಿಂತೇ ಇರುತ್ತಿದ್ದೆ. ತಾವು ತೊಳೆದ ಚೀಲವನ್ನು ಬೆಳಕಿಗೆ ಹಿಡಿದು, "ನೋಡು, ಮದುವಣಗಿತ್ತಿ ಸೀರೆ ಇದ್ದಂಗದೆ" ಅನ್ನುತ್ತಿದ್ದರು. ನಿಜವಾಗಿಯೂ ಹಾಗೇ ಇರುತ್ತಿತ್ತು.

ಆ ವರ್ಷ ಆಯುಧಪೂಜೆಯ ಹಿಂದಿನ ದಿನ ಮಧ್ಯಾಹ್ನದಿಂದ ಎಲ್ಲ ಮೆಷಿನ್ನೂ ನಿಲ್ಲಿಸಿ ತೊಳೆಯಲು ಶುರುಮಾಡಿದರು. ಮೈಸೂರಿನವರಿಗೆ ಇದನ್ನು ಹೇಳಬೇಕಾಗಿಲ್ಲ, ಆವತ್ತು ಒಂದು ಸ್ಪಾನರ್ ಕೂಡ ಸ್ನಾನ ಮಾಡದೆ ಉಳಿಯುವುದಿಲ್ಲ. ನನ್ನ ಹಲಗೆಯ ಹಿತ್ತಾಳೆ ಪಟ್ಟಿಗಳು ಹಸುರುಗಟ್ಟಿದ್ದವು. ಅವುಗಳನ್ನು ಹಾಗೇ ಇಟ್ಟು ವಿಭೂತಿ ಹಚ್ಚಲು ನನಗೆ ಮನಸ್ಸಾಗಲಿಲ್ಲ. ನಮ್ಮಜ್ಜಿ ಹಬ್ಬಕ್ಕೆ ದೀಪದ ಕಂಬ ಬೆಳಗುವ ಹಾಗೆ ಬೆಳಗೋಣ ಅಂತ ಕ್ಯಾಂಟೀನಿನಿಂದ ಒಂದು ಹಿಡಿ ಹುಣಸೆಹಣ್ಣು ತಂದೆ, ಪಟ್ಟಿಗಳನ್ನು ಬಿಚ್ಚಿದೆ, ಉಜ್ಜಿದೆ. ಚಿನ್ನದ ಹಾಗೆ ಹೊಳೆದವು. ಯಜಮಾನ್ರು, "ಎಲ್ಲಾನೂ ಬೆಳಗ್ಬುಟ್ಟೆ, ಇನ್ನು ನನ್ನ ಬುರುಡೆ ಒಂದು ಬಾಕಿ" ಅಂತ ತಮ್ಮ ಬೋಳುತಲೆ ಮುಂದೆ ಮಾಡಿದರು. ನಗುತ್ತ ನಗುತ್ತಲೇ ಪಟ್ಟಿಗಳನ್ನು ಮತ್ತೆ ಜೋಡಿಸಿದೆ. ಅವರು ಹಲಗೆಗೆ ಸೇವಂತಿಗೆ ಹಾರ ಹಾಕಿದರು, ಮಾರನೆಯ ದಿನ ಬಾಗಿಲಲ್ಲಿ ಬೂದುಗುಂಬಳ ಒಡೆದರು.

ತಪ್ಪಾದದ್ದು ಎಲ್ಲಿ ಅಂತ ಈಗಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಕಥೆ ಹೇಳುವಷ್ಟು ತ್ರಾಣ ನನಗಿಲ್ಲ. ಬಲಗಡೆಯ ಪಟ್ಟಿ ಯಾವುದೋ ಹಳೆಯ ಹಲಗೆಯಿಂದ ಬಂದದ್ದು. ಎಡಗಡೆಯದಕ್ಕಿಂತ ಉದ್ದ, ತಲೆಯ ಕಡೆ ಒಂದರ ಕೆಳಗೊಂದು ಎರಡು ತೂತು. ಮೊದಲು ಕೆಳಗಿನ ತೂತಿಗೆ ಸ್ಕ್ರೂ ಹಾಕಿತ್ತು. ನಾನು ಮೇಲಿನದಕ್ಕೆ ಹಾಕಿದೆ. ಪಟ್ಟಿ ಮೂರು ಸೆಂಟಿಮೀಟರ್ ಕೆಳಕ್ಕೆ ಇಳಿಯಿತು. ಮೊದಲಿಂದಲೂ ಪಟ್ಟಿಗಳು ಒಂದೇ ಉದ್ದ ಇರಲಿಲ್ಲವಾದ್ದರಿಂದ ಕಣ್ಣಿಗೆ ಏನೂ ತಿಳಿಯಲಿಲ್ಲ. ಪಟ್ಟಿ ಕೆಳಗೆ ಜಾರಿದರೆ ಅಂಕಿ ಮೇಲಕ್ಕೆ ಹೋಗುತ್ತದೆ. ಹಾಗಾಗಿ ಆವತ್ತಿನಿಂದ ನಮ್ಮ ಮೀಟರು ಇದ್ದದ್ದಕ್ಕೆ ಮೂರು ಸೇರಿಸಿ ಹೇಳತೊಡಗಿತು.

ಸೋಮವಾರ ಸೊನ್ನೆ ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ನೋಡಲಿಲ್ಲ. ನಡುವಿನ ವಾಲ್ವ್ ಬಿಗಿಯಾಗಿತ್ತು, ಸ್ಪಾನರ್ ತರಲು ಇನ್ನೊಂದು ಕಟ್ಟಡಕ್ಕೆ ಹೋಗಬೇಕಿತ್ತು. ರಜೆ ಮುಗಿದ ಮೊದಲ ದಿನ, ಇನ್ನೂ ಹದಿನಾರು ಮೀಟರು ಬಾಕಿ. ಯಾವ ಸೋಮವಾರವೂ ತಪ್ಪು ಬಂದಿರಲಿಲ್ಲ, ಇವತ್ತೇನು ಬರುತ್ತೆ ಅಂತ ಟಿಕ್ ಹಾಕಿಬಿಟ್ಟೆ.

ಮಂಗಳವಾರ ಯಜಮಾನ್ರು ಚೀಲ ತೊಳೆದು ಡ್ರಮ್ಮು ಮುಚ್ಚಿದರು. ನಾನು ರೀಡಿಂಗ್ ನೋಡಿದೆ, ಆರು.

"ಮೂರು ಬರಬೇಕಿತ್ತಲ್ಲ ಯಜಮಾನ್ರೇ?"

"ಬರ್ಬೇಕಿತ್ತು. ತೊಳ್ದಿವ್ನಿ ಕಣ್ ಮಗ."

"ಇನ್ನೊಂದ್ಸಲ ನೋಡಿ."

ಅವರು ಇನ್ನೊಂದು ಸಲ ನೋಡಿದರು. ನೋಡುವುದು ಅಂದರೆ ಏನು ಅಂತ ಹೇಳಬೇಕು. ಎರಡು ವಾಲ್ವ್ ಮುಚ್ಚಿ ನೀರು ಹೊರಬಿಡಬೇಕು, ಮುಚ್ಚಳದ ಹನ್ನೆರಡು ಬೋಲ್ಟ್ ಬಿಚ್ಚಬೇಕು, ಮುಚ್ಚಳ ಎತ್ತಿ ಗೋಡೆಗೆ ಒರಗಿಸಬೇಕು. ನೆಂದ ಚೀಲವನ್ನು ಬಗ್ಗಿ ಮೇಲಕ್ಕೆ ಎಳೆಯಬೇಕು. ಕೆಸರು ಕೂತ ಚೀಲ ಅಂದರೆ ನಿದ್ದೆ ಹೋದ ಮಗುವನ್ನು ಬಾವಿಯಿಂದ ಎತ್ತಿದ ಹಾಗೆ ಅಂತ ಅವರೇ ಹೇಳುತ್ತಿದ್ದರು. ಕಲ್ಲಿನ ಮೇಲೆ ಹರಡಿ, ಬ್ರಷ್ ಹಾಕಿ, ಪೈಪಿನ ನೀರು ಬಿಟ್ಟು, ತಿರುಗಿಸಿ, ಮತ್ತೆ ಬ್ರಷ್ ಹಾಕಿ, ಒಳಗಿಳಿಸಿ, ಹನ್ನೆರಡು ಬೋಲ್ಟ್ ಬಿಗಿಯಬೇಕು. ಅಷ್ಟು ಮಾಡಿ ಎದ್ದು ಬಂದು ನನ್ನ ಪಕ್ಕ ನಿಂತರು. ಮತ್ತೆ ಆರು.

ಮೊದಲೇ ಆರರಲ್ಲಿ ನಿಂತದ್ದು ಎಂಟಕ್ಕೆ ಮುಟ್ಟಲು ಎಷ್ಟು ಹೊತ್ತು ಬೇಕು? ಎರಡೇ ದಿನ. ಐದಾರು ದಿನಕ್ಕೊಮ್ಮೆ ತೊಳೆಯುತ್ತಿದ್ದದ್ದನ್ನು ದಿನ ಬಿಟ್ಟು ದಿನ ತೊಳೆಯುವ ಹಾಗಾಯಿತು. ನಮ್ಮ ವಿಭಾಗದ ಸಾಹೇಬರ ಕಣ್ಣಿಗೆ ರಿಜಿಸ್ಟರ್ ಬಿತ್ತು. ಸಾಹೇಬರು ಕೆಟ್ಟವರೇನೂ ಅಲ್ಲ. ತಾತ ಅರಮನೆಯ ಕಚೇರಿಯಲ್ಲಿ ಬರವಣಿಗೆ ಮಾಡಿದವರಂತೆ, ಮೊಮ್ಮಗನಿಗೂ ಬರೆದದ್ದರಲ್ಲಿ ಅಪಾರ ನಂಬಿಕೆ. ಕಾಗದದಲ್ಲಿ ಬಂದರೆ ಮುಗಿಯಿತು. ನನ್ನ ಟಿಕ್ ಬೇರೆ ಅಲ್ಲಿ ಕೂತಿತ್ತಲ್ಲ, ಮೀಟರು ಸರಿ ಇದೆ ಅಂತ.

"ಮೀಟರ್ ಸರಿ ಇದೆ, ಬಟ್ಟೆ ಹೊಸದು. ಹಾಗಾದರೆ ತೊಳೆಯೋರಲ್ಲೇ ಏನೋ ಇದೆ, ಅಲ್ವೇನ್ರೀ?" ಅಂದರು.

ನಾನು ಹೌದು ಅನ್ನಲಿಲ್ಲ. ಇಲ್ಲ ಅಂತಲೂ ಅನ್ನಲಿಲ್ಲ.

ದಿನಾ ಬೆಳಿಗ್ಗೆ ಶಿಫ್ಟು ಶುರುವಾಗುವ ಮುಂಚೆ ನಾವೆಲ್ಲ ಗೇಟಿನ ಒಳಗಡೆ ಸಾಲಾಗಿ ನಿಲ್ಲಬೇಕು, ಸಾಹೇಬರು ಆವತ್ತಿನ ಕೆಲಸ ಹೇಳುತ್ತಾರೆ. ಆ ವಾರ ಸಾಲಿನಲ್ಲಿ ಎಲ್ಲರೆದುರು ಯಜಮಾನ್ರನ್ನು ಮುಂದೆ ಕರೆದರು.

"ಇಷ್ಟು ವರ್ಷದಿಂದ ಮಾಡ್ತಿದ್ದೀರಿ. ಒಂದು ಚೀಲ ನೆಟ್ಟಗೆ ತೊಳೆಯೋಕೆ ಆಗಲ್ಲವಾ? ರೀಡಿಂಗ್ ಮೂರಕ್ಕೆ ಬರೋ ತನಕ ಇನ್ನು ದಿನಾ ತೊಳೀರಿ."

ಹಿಂದಿನಿಂದ ಫಿಟ್ಟರ್ ಒಬ್ಬ, "ಯಜಮಾನ್ರು ಚೀಲಕ್ಕೆ ನೀರು ತೋರ್ಸಿ ಎತ್ತಿಡ್ತಾರೆ ಸಾರ್, ಮಗೂಗೆ ಚಂದಮಾಮ ತೋರ್ಸಿದಂಗೆ" ಅಂದ. ಸಾಲೆಲ್ಲ ನಕ್ಕಿತು. ಯಜಮಾನ್ರೂ ಸ್ವಲ್ಪ ನಕ್ಕರು. ಅವರು ನಕ್ಕದ್ದನ್ನೇ ನನಗೆ ನೋಡಲಾಗಲಿಲ್ಲ.

ಮುಂದಿನ ಮೂರು ವಾರ ಹೇಗೆ ಹೋಯಿತೋ ಹೇಳುವುದು ಕಷ್ಟ, ಯಾಕೆಂದರೆ ದಿನಾ ಒಂದೇ ಥರ. ಅವರು ಬಿಚ್ಚುವುದು, ತೊಳೆಯುವುದು, ಮುಚ್ಚುವುದು. ನಾನು ಬಂದು ಆರು ಅಂತ ಬರೆಯುವುದು. ತೊಳೆಯುವವರಿಗೆ ನೀರಿನ ಸುಸ್ತು, ಬರೆಯುವವಳಿಗೆ ಅವರ ಮುಖ ನೋಡುವ ಸುಸ್ತು. ಬರುಬರುತ್ತ ಅವರು ತಿಂಡಿಯ ಸುದ್ದಿ ಕೇಳುವುದು ಬಿಟ್ಟರು. ನಾನು ಬಾಗಿಲಿಗೆ ಬಂದರೆ ಕಣ್ಣಲ್ಲೇ "ಎಷ್ಟು?" ಅನ್ನುತ್ತಿದ್ದರು. ನಾನು ಬೆರಳು ತೋರಿಸುತ್ತಿದ್ದೆ. ಅವರ ಕೈಯ ಚರ್ಮವೆಲ್ಲ ನೆಂದು ನೆಂದು ಬೆಳ್ಳಗೆ ಸುಕ್ಕಾಗಿ, ಬೆರಳ ಸಂದಿಯಲ್ಲಿ ಬಿರುಕು ಬಿಟ್ಟಿತ್ತು. ಅದಕ್ಕೆ ಹರಳೆಣ್ಣೆ ಹಚ್ಚಿಕೊಂಡು, ಹರಳೆಣ್ಣೆಗೆ ಬೋಲ್ಟ್ ಜಾರುತ್ತದೆ ಅಂತ ಮತ್ತೆ ಸೋಪು ಹಾಕಿ ತೊಳೆದುಕೊಳ್ಳುತ್ತಿದ್ದರು.

ಒಂದು ದಿನ ಕೇಳಿಯೇ ಕೇಳಿದರು. "ಮಗ, ಆ ಗಾಜಿನ ಕೊಳವೆನೇ ಒಂದ್ಸಲ ನೋಡವ್ವ. ಅದ್ರಲ್ಲೇ ಏನಾರಾ ಆಗಿದ್ದಾತು."

"ಪಾದರಸ ಸುಳ್ಳು ಹೇಳಲ್ಲ ಯಜಮಾನ್ರೇ."

ಈ ಮಾತು ನಾನೇ ಆಡಿದ್ದು. ಐಟಿಐನಲ್ಲಿ ಯಾರೋ ಹೇಳಿಕೊಟ್ಟದ್ದನ್ನು ಅವರ ಮುಖಕ್ಕೆ ಎಸೆದೆ.

"ಸುಳ್ಳ ಹೇಳ್ತದೆ ಅಂತ ನಾನೆಲ್ಲಂದೆ? ನಾನೂ ಹೇಳ್ತಿಲ್ಲ. ಅದೂ ಹೇಳ್ತಿಲ್ಲ. ಇಬ್ರೂ ಹೇಳ್ದಿದ್ರೆ ಇನ್ನು ಯಾರ್ ಹೇಳ್ತಾವ್ರೆ?"

ಅವರ ಸಮಾಧಾನಕ್ಕೆ ಅಂತ ನಳಿಕೆಗಳನ್ನು ಬಿಚ್ಚಿ, ಒಳಗೆ ಗಾಳಿಗುಳ್ಳೆ ಏನಾದರೂ ಸಿಕ್ಕಿಕೊಂಡಿದೆಯೋ ಅಂತ ನೀರು ಬಿಟ್ಟು ನೋಡಿದೆ. ಗಾಳಿ ಸಿಕ್ಕಿಕೊಂಡರೂ ಲೆಕ್ಕ ತಪ್ಪುತ್ತದೆ. ಗಾಳಿ ಇರಲಿಲ್ಲ. ಸೊನ್ನೆ ಮಾತ್ರ ನೋಡಲಿಲ್ಲ. ಯಾಕೆ ಅಂತ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಆ ಟಿಕ್ ಹಾಕಿದವಳು ನಾನೇ ಆದರೂ, ದಿನಾ ಅದನ್ನು ನೋಡಿ ನೋಡಿ, ಸೊನ್ನೆ ನೋಡಿಯೇ ಹಾಕಿದ್ದೆ ಅಂತ ನಾನೇ ನಂಬಿಕೊಂಡಿದ್ದೆ. ಅದರ ಮುಂದಿನ ಸೋಮವಾರಗಳಿಗೂ ಅದನ್ನೇ ನೋಡಿ ಟಿಕ್ ಹಾಕುತ್ತ ಬಂದಿದ್ದೆ.

ಕೊನೆಗೆ ಸಾಹೇಬರು ಕಂಟ್ರಾಕ್ಟರನ್ನು ಕರೆಸಿ, ತಿಂಗಳ ಕೊನೆಗೆ ಫಿಲ್ಟರ್ ಮನೆಗೆ ಬೇರೆ ಜನ ಕಳಿಸಿ ಅಂದರು. ಕಂಟ್ರಾಕ್ಟರ್ ಯಜಮಾನ್ರಿಗೆ, ಇನ್ನೆಲ್ಲೂ ಜಾಗ ಇಲ್ಲ, ಗೇಟು ಕಾಯೋ ಕೆಲಸ ಒಂದಿದೆ, ಬೇಕಾದರೆ ಮಾಡಿ ಅಂದರಂತೆ.

"ಹನ್ನೆರಡು ಗಂಟೆ ನಿಂತ್ಕಬೇಕು ಅಲ್ಲಿ. ಈ ಮಂಡಿ ಒಂದ್ ಗಂಟೆ ನಿಲ್ಲಕಿಲ್ಲ ಮಗ," ಅಂದರು. ಅಷ್ಟು ಹೇಳಿ ಮತ್ತೆ ಬೋಲ್ಟ್ ಬಿಚ್ಚಲು ಕೂತರು. ತಿಂಗಳ ಕೊನೆಗೆ ಇನ್ನು ಒಂಬತ್ತು ದಿನ ಇತ್ತು.

ಆಗ ನಮ್ಮ ಕಾಂಪೌಂಡಿನ ಗೋಡೆ ಎತ್ತರಿಸುತ್ತಿದ್ದರು. ಫಿಲ್ಟರ್ ಮನೆಯ ಹಿಂದೆಯೇ ಗಾರೆಯವರು ಕೆಲಸ ಮಾಡುತ್ತಿದ್ದರು. ಊಟದ ಹೊತ್ತಿನಲ್ಲಿ ನಾನು ರೀಡಿಂಗಿಗೆ ಹೋದಾಗ ಯಜಮಾನ್ರು ಹಲಗೆಯ ಮುಂದೆ ನಿಂತಿದ್ದರು, ಕೈಯಲ್ಲಿ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬು, ಒಳಗೆ ನೀರು. ಮನೆ ಕಟ್ಟುವುದನ್ನು ನೋಡಿದವರಿಗೆಲ್ಲ ಗೊತ್ತಿರುತ್ತದೆ, ಗಾರೆಯವರು ಮಟ್ಟ ನೋಡುವ ಟ್ಯೂಬು ಅದು. ಒಂದು ತುದಿ ಈ ಗೋಡೆಯ ಹತ್ತಿರ, ಇನ್ನೊಂದು ತುದಿ ಆ ಗೋಡೆಯ ಹತ್ತಿರ ಹಿಡಿದರೆ ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ, ಅಲ್ಲಿಗೆ ಗುರುತು ಹಾಕಿಕೊಳ್ಳುತ್ತಾರೆ.

"ಏನ್ ಯಜಮಾನ್ರೇ ಇದು?"

"ಗಾರೆಯವರದ್ದು. ಊಟ ಮಾಡ್ತಾವ್ರೆ, ಬರೋಗಂಟ ಕೊಡ್ರಪ್ಪಾ ಅಂತ ಇಸ್ಕಬಂದೆ. ಬಾ, ಆ ತುದಿ ಹಿಡ್ಕೊ."

"ಯಾಕೆ?"

"ಹಿಡ್ಕೊ ಅಂದ್ರೆ ಹಿಡ್ಕೊಳವ್ವ. ನೀನು ಗಾಜಿನೊಳಗಿರೋದ ದಿನಾ ನೋಡ್ತೀಯ. ಗಾಜಿನ ಪಕ್ಕದಲ್ಲಿರೋದು ಸಮ ಅದಾ ಅಂತ ಯಾರು ನೋಡವ್ರೆ? ಗೋಡೆ ಸೊಟ್ಟಗಿದ್ರೆ ಮೊದ್ಲು ದಾರ ನೋಡ್ತೀವಿ ನಾವು."

ನನಗೆ ಇನ್ನೂ ಏನೂ ಗೊತ್ತಾಗಿರಲಿಲ್ಲ. ತುದಿ ಹಿಡಿದು ಬಲಗಡೆಯ ಪಟ್ಟಿಗೆ ಆನಿಸಿಕೊಂಡೆ. ಅವರು ಎಡಗಡೆಯ ಪಟ್ಟಿಗೆ ತಮ್ಮ ತುದಿ ಆನಿಸಿ, ನೀರನ್ನು ನಲವತ್ತರ ಗೆರೆಗೆ ತಂದು ನಿಲ್ಲಿಸಿದರು. ಉಸಿರು ಬಿಗಿಹಿಡಿದು ನಿಂತಿದ್ದರು, ಗಾರೆಯವರು ನಿಲ್ಲುವ ಹಾಗೆ.

"ನಂದು ನಲವತ್ತು ಅಲ್ವಾ? ನೋಡೇಳು, ನಂಗೆ ಗೆರೆ ಸರ್ಯಾಗಿ ಕಾಣಕಿಲ್ಲ."

"ನಲವತ್ತೇ."

"ನಿಂದೆಷ್ಟು?"

ಬಲಗಡೆಯ ಪಟ್ಟಿ ನೋಡಿದೆ. ನೀರು ನಿಂತಿದ್ದದ್ದು ನಲವತ್ತಮೂರಕ್ಕೆ.

ಗೆರೆಯನ್ನು ಬೆರಳಲ್ಲಿ ತೋರಿಸಿದೆ. ಅವರು ತಮ್ಮ ತುದಿ ಅಲ್ಲಾಡದಂತೆ ಹಿಡಿದುಕೊಂಡೇ ಈಚೆಗೆ ಬಗ್ಗಿ, ಕಣ್ಣು ಕಿರಿದು ಮಾಡಿ, ಬೆರಳಲ್ಲಿ ಒಂದೊಂದೇ ಗೆರೆ ಎಣಿಸಿದರು. "ಒಂದು, ಎರಡು, ಮೂರು." ಆಮೇಲೆ ನೆಟ್ಟಗೆ ನಿಂತು ನನ್ನ ಕಡೆ ತಿರುಗಿದರು. "ಆರರಲ್ಲಿ ಈ ಮೂರು ಹೋದ್ರೆ ಎಷ್ಟು ಮಗ?"

ಓಡಿಹೋಗಿ ಸ್ಪಾನರ್ ತಂದೆ. ನಡುವಿನ ವಾಲ್ವ್ ತೆಗೆದೆ. ಅದು ಒಂದೇ ತಿರುವಿಗೆ ಬಂತು, ಅಷ್ಟೇನೂ ಬಿಗಿ ಇರಲಿಲ್ಲ. ಪಾದರಸ ಎರಡು ಕಾಲಲ್ಲೂ ಅಲ್ಲಾಡಿ ಅಲ್ಲಾಡಿ ನಿಂತಿತು. ಎಡಗಡೆ ಮೂವತ್ತು, ಬಲಗಡೆ ಮೂವತ್ತಮೂರು. ಪಟ್ಟಿಯ ತಲೆ ನೋಡಿದೆ. ಎರಡು ತೂತು, ಕೆಳಗಿನದು ಖಾಲಿ. ಉಜ್ಜಿ ಜೋಡಿಸಿದ್ದು ಯಾರು, ಯಾವತ್ತು ಅಂತ ಇಬ್ಬರಿಗೂ ಗೊತ್ತಿತ್ತು.

"ನಾನೇ ಯಜಮಾನ್ರೇ. ಆವತ್ತು ನಾನೇ ಹಾಕಿದ್ದು."

ಅವರು ಕವುಚಿದ ಬಕೆಟಿನ ಮೇಲೆ ಕೂತರು. ಬೈಯುತ್ತಾರೆ ಅಂತ ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಎಷ್ಟು ಸಲ ಬಿಚ್ಚಿವ್ನಿ ನಾನು ಈ ಡ್ರಮ್ಮ?" ಅಂದರು.

ರಿಜಿಸ್ಟರ್ ನನ್ನ ಕಂಕುಳಲ್ಲೇ ಇತ್ತು. ತೆಗೆಯಲು ಹೋದೆ. "ಬ್ಯಾಡ, ಬುಡು. ಹೇಳ್ಬ್ಯಾಡ," ಅಂದರು.

ಪಟ್ಟಿಯನ್ನು ಕೆಳಗಿನ ತೂತಿಗೆ ಹಾಕಿ, ಅಲ್ಲಿಂದಲೇ ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎಂಥ ಕೆಲಸ ಮಾಡಿದಿರಿ. ನಾನು ಮೇಲಿನವರಿಗೆ ಬರೆದುಬಿಟ್ಟಿದ್ದೀನಲ್ರೀ, ಅವರ ಬಗ್ಗೆ."

"ತಪ್ಪಾಯ್ತು ಸಾರ್."

"ಆಯ್ತು, ಒಂದು ಕೆಲಸ ಮಾಡೋಣ. ಪಟ್ಟಿ ಸರಿ ಮಾಡಿದ್ದೀರಿ ತಾನೆ? ಯಾರ ಹತ್ತಿರವೂ ಆಡೋದು ಬೇಡ. ಕಂಟ್ರಾಕ್ಟರ್‌ಗೆ ನಾನು ಹೇಳ್ತೀನಿ, ಅವರನ್ನೇ ಮುಂದುವರಿಸಿ ಅಂತ. ಅವರ ಕೆಲಸ ಉಳೀತು, ನಿಮಗೂ ತೊಂದರೆ ಇಲ್ಲ. ಸರೀನಾ?"

ನನಗೆ ಬೆನ್ನಿನ ಮೇಲಿಂದ ಮೂಟೆ ಇಳಿಸಿದ ಹಾಗಾಯಿತು. ಆವತ್ತು ಸಾಹೇಬರ ಮೇಲೆ ಪ್ರೀತಿಯೇ ಉಕ್ಕಿಬಂತು. ಅರ್ಧ ನಡೆದು ಅರ್ಧ ಓಡಿ ಫಿಲ್ಟರ್ ಮನೆಗೆ ಬಂದು, "ಯಜಮಾನ್ರೇ, ಎಲ್ಲೂ ಹೋಗ್ಬೇಕಾಗಿಲ್ಲ, ಇಲ್ಲೇ ಇರ್ತೀರಿ!" ಅಂದೆ.

ಅವರು ಟ್ಯೂಬನ್ನು ಸುರುಳಿ ಸುತ್ತುತ್ತಿದ್ದರು, ಗಾರೆಯವರಿಗೆ ವಾಪಸ್ಸು ಕೊಡಲು.

"ಸಂತೋಷ. ಅದು ಆಯ್ತು," ಅಂದರು. "ಸಾಲಲ್ಲಿ ನಿಲ್ಸಿ ಅಂದ್ರಲ್ಲ, ಒಂದು ಚೀಲ ತೊಳೆಯಕ್ಕೆ ಬರಕಿಲ್ವಾ ಅಂತ. ಅದು?"

"ಸಾಹೇಬ್ರು ಇನ್ನೇನೂ ಅನ್ನಲ್ಲ ಬಿಡಿ."

"ಅವ್ರು ಅನ್ನಕಿಲ್ಲ. ಮಿಕ್ಕೋರು? ನಾನು ಬಂದ್ರೆ ಸಾಕು, ಬಂದ್ರು ನೋಡ್ರಪ್ಪಾ ಚಂದಮಾಮ ತೋರ್ಸೋರು ಅಂತಾವ್ರೆ. ಊರಲ್ಲೂ ಗೊತ್ತಾಗೋಗದೆ. ನನ್ನ ಹೆಂಡ್ತಿನೇ ಕೇಳುದ್ಲು, ಯಾಕ್ರೀ ನೆಟ್ಟಗ್ ತೊಳಿಬಾರ್ದಾ ಅಂತ." ಟ್ಯೂಬಿನ ತುದಿಯಿಂದ ನೀರು ಚೆಲ್ಲಿದರು. "ಗುಟ್ಟಾಗಿ ಕೆಲ್ಸ ಉಳುಸ್ಕೊಟ್ರೆ, ಪಾಪ ಅಂತ ಉಳುಸ್ಕೊಂಡವ್ರೆ ಅಂತಾರೆ ಕಣವ್ವ. ತೊಳೆಯಕ್ಕೆ ಬತ್ತದೆ ಅಂತ ಅಲ್ಲ."

ಸಂಜೆ ಬಸ್ಸಿನಲ್ಲಿ ನಿಲ್ಲಲು ಜಾಗ ಇರಲಿಲ್ಲ. ಯಾರದೋ ಊಟದ ಡಬ್ಬಿ ಬೆನ್ನಿಗೆ ಚುಚ್ಚುತ್ತಿತ್ತು, ಕದಲಬೇಕು ಅನಿಸಲೂ ಇಲ್ಲ. ಮನೆಗೆ ಬಂದು ಚಪ್ಪಲಿ ಬಿಚ್ಚುತ್ತ ಅಜ್ಜಿಗೆ ಎಲ್ಲ ಹೇಳಿದೆ. ಹಿತ್ತಾಳೆ ಉಜ್ಜಿದ್ದನ್ನು ಕೇಳಿ ಮೊದಲು ಅವಳಿಗೆ ಖುಷಿಯಾಯಿತು, ಉಳಿದದ್ದನ್ನು ಕೇಳಿ ಮುಖ ಗಂಟಾಯಿತು.

"ಹೇಳಿಬಿಡು ಕಣೇ ಎಲ್ಲರೆದುರು. ಹೇಳಿದ್ರೆ ನಾಕು ದಿನ ನಗ್ತಾರೆ. ಹೇಳ್ದಿದ್ರೆ ನೀನು ದಿನಾ ಈ ಮುಖ ಹೊತ್ಕೊಂಡು ಬರ್ತೀಯ. ನೋಡಬೇಕಾದವಳು ನಾನಲ್ವಾ?"

"ಸಾಹೇಬ್ರು ಬೇಡ ಅಂದಿದ್ದಾರಜ್ಜಿ."

"ಅವರು ತೊಳೆದ್ರಾ ಚೀಲ?"

ಮಾರನೆಯ ಬೆಳಿಗ್ಗೆ ಸಾಲು ನಿಂತಿತು. ಸಾಹೇಬರು ಕೆಲಸ ಹಂಚಿ ಮುಗಿಸಿ ಇನ್ನೇನು ಹೊರಡಬೇಕು, ನಾನು ಒಂದು ಹೆಜ್ಜೆ ಮುಂದೆ ಬಂದೆ. "ಸಾರ್, ಒಂದು ಮಾತು" ಅಂದೆ. ಅವರಿಗೆ ಅರ್ಥವಾಯಿತು. ಬೇಡ ಅಂತ ಕಣ್ಣಲ್ಲೇ ಹೇಳಿದರು. ನಾನು ಸಾಲಿನ ಕಡೆ ತಿರುಗಿಬಿಟ್ಟೆ.

ಏನು ಮಾತಾಡಿದೆ ಅಂತ ಅಕ್ಷರಕ್ಕಕ್ಷರ ನೆನಪಿಲ್ಲ. ಫಿಲ್ಟರ್ ಮನೆಯ ಮೀಟರು ಪೂಜೆಯ ದಿನದಿಂದ ತಪ್ಪು ತೋರಿಸುತ್ತಿತ್ತು, ಪಟ್ಟಿ ತಪ್ಪಾಗಿ ಹಾಕಿದವಳು ನಾನು, ಪ್ರತಿ ಸೋಮವಾರ ನೋಡದೇ ಟಿಕ್ ಹಾಕಿದವಳೂ ನಾನು, ಯಜಮಾನ್ರು ಒಂದು ದಿನವೂ ಚೀಲ ಕೆಟ್ಟದಾಗಿ ತೊಳೆದಿಲ್ಲ, ಆ ತಪ್ಪನ್ನು ಕಂಡುಹಿಡಿದವರೂ ಅವರೇ, ಗಾರೆಯವರ ಟ್ಯೂಬು ಹಿಡಿದು. ಇಷ್ಟನ್ನು ಹೇಳಿದೆ. ಕೊನೆಯ ಮಾತು ಹಿಂದಿನ ಸಾಲಿಗೆ ಕೇಳಿಸಿತೋ ಇಲ್ಲವೋ ಅಂತ ಅದನ್ನೇ ಇನ್ನೊಂದು ಸಲ ಕೂಗಿ ಹೇಳಿದೆ.

ಯಾರೂ ನಗಲಿಲ್ಲ. ಆಮೇಲೆ ಅದೇ ಫಿಟ್ಟರ್, "ಹಂಗಾದ್ರೆ ಮೇಡಂ, ಬರೋ ವರ್ಷ ಪೂಜೇಲಿ ನೀವು ಬರೀ ಪ್ರಸಾದ ತಗೊಂಡು ಹೋಗಿ, ಏನೂ ಮುಟ್ಬೇಡಿ" ಅಂದ. ಆಗ ನಕ್ಕರು. ನಗಲಿ ಅನಿಸಿತು. ಕ್ಯಾಂಟೀನಿನ ಹೆಂಗಸು ಮಾತ್ರ ನಗದೆ ಫಿಟ್ಟರನ ಕಡೆ ತಿರುಗಿ, "ನೀನು ಚಂದಮಾಮ ಅಂದ್ಯಲ್ಲಾ, ಅದ್ನ ಈಗ ವಾಪಸ್ ತಗಳಪ್ಪಾ ಮೊದ್ಲು" ಅಂದಳು. ಅವನು ಯಜಮಾನ್ರ ಕಡೆ ನೋಡಿ, "ತಪ್ಪಾಯ್ತು ಯಜಮಾನ್ರೇ" ಅಂದ. ಯಜಮಾನ್ರು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ, ಕೊಡವಿ, ಮತ್ತೆ ಸುತ್ತಿಕೊಂಡರು. ಅವರ ಕೈ ಕೆಲಸವಿಲ್ಲದೆ ಸುಮ್ಮನೆ ಏನನ್ನೋ ಮಾಡುತ್ತಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಸಾಹೇಬರು ನನಗೆ ಮೆಮೊ ಕೊಟ್ಟರು. ನ್ಯಾಯವೇ. ಎರಡು ತಿಂಗಳು ನೆಟ್ಟಗೆ ಮಾತಾಡಲಿಲ್ಲ, ಅದೂ ನ್ಯಾಯವೇ ಇರಬೇಕು. ಆದರೆ ತಾವು ಮೇಲಿನವರಿಗೆ ಬರೆದದ್ದು ತಪ್ಪು ಅಂತ ತಮ್ಮ ಕೈಯಾರೆ ಮತ್ತೆ ಬರೆದು ಕಳಿಸಿದರು. ಅದರ ಒಂದು ಪ್ರತಿಯನ್ನು ಫಿಲ್ಟರ್ ಮನೆಯ ಗೋಡೆಗೆ ಅಂಟಿಸಿದರು. ಯಜಮಾನ್ರಿಗೆ ಓದಲು ಅಷ್ಟಾಗಿ ಬರುತ್ತಿರಲಿಲ್ಲ. ಬಂದವರ ಹತ್ತಿರವೆಲ್ಲ, "ನಂಗ್ ಕಣ್ ಕಾಣಕಿಲ್ಲ, ಏನ್ ಬರ್ದವ್ರೆ ಓದು" ಅಂತ ಓದಿಸಿಕೊಳ್ಳುತ್ತಿದ್ದರಂತೆ. ನನ್ನ ಹತ್ತಿರ ಯಾವತ್ತೂ ಓದಿಸಿಕೊಳ್ಳಲಿಲ್ಲ.

ಅವರು ಅಲ್ಲೇ ಇದ್ದರು, ಇನ್ನೂ ನಾಲ್ಕು ವರ್ಷ. ಕೈ ಬಿರುಕು ವಾಸಿಯಾಯಿತು. ನನ್ನ ಮೇಲೆ ಸಿಟ್ಟು ಇಟ್ಟುಕೊಂಡಿದ್ದರು ಅನ್ನಲಾರೆ. ಕ್ಯಾಂಟೀನಿನಲ್ಲಿ ಜಾಗ ಬಿಟ್ಟುಕೊಡುತ್ತಿದ್ದರು. ಮಗಳ ಮದುವೆಗೆ ಕರೆದರು, ನಾನೂ ಅಜ್ಜಿಯೂ ಹೋಗಿ ಉಂಡು ಬಂದೆವು. ಆದರೆ ಆ ಸಾಲಿನ ದಿನದಿಂದ ನನ್ನನ್ನು ಮಗ ಅಂತ ಕರೆಯುವುದು ನಿಂತುಹೋಯಿತು. ಏಕವಚನವೂ ಹೋಯಿತು. ಮೇಡಂ ಅಂದರು, ಬನ್ನಿ ಅಂದರು, ಕೂತ್ಕಳಿ ಅಂದರು. ಮೊದಮೊದಲು ನಾನು, "ಯಾಕ್ ಯಜಮಾನ್ರೇ, ನನಗೆ ನೀವು ಮೇಡಂ ಅನ್ನೋದಾ?" ಅಂತ ಜಗಳ ಮಾಡಿದೆ. "ಮೇಡಂನ ಮೇಡಂ ಅನ್ದೆ ಇನ್ನೇನಂತಾರೆ?" ಅಂತ ಮೆಲ್ಲಗೆ ಮುಗಿಸಿಬಿಟ್ಟರು. ನಾನು ಮತ್ತೆ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ನಾನು ಸ್ಪಾನರ್ ಹಿಡಿದು ಹೋಗುವಷ್ಟರಲ್ಲಿ ಅವರು ಹಲಗೆಯ ಪಕ್ಕದಲ್ಲಿ ಕೈಕಟ್ಟಿ ನಿಂತಿರುತ್ತಿದ್ದರು. ಇದು ಅವರ ಕೆಲಸ ಅಲ್ಲ, ಯಾರೂ ಹೇಳಿರಲಿಲ್ಲ. ನಾನು ನಡುವಿನ ವಾಲ್ವ್ ತೆಗೆಯುತ್ತಿದ್ದೆ. ಪಾದರಸ ನಿಲ್ಲುತ್ತಿತ್ತು. ಎಡಗಡೆ ಮೂವತ್ತು, ಬಲಗಡೆ ಮೂವತ್ತು. ಅವರು ಬಗ್ಗಿ ಗೆರೆ ಎಣಿಸಿ, ನೆಟ್ಟಗಾಗಿ, ಮಂಡಿ ಹಿಡಿದುಕೊಳ್ಳುತ್ತಿದ್ದರು. ನಾನು ರಿಜಿಸ್ಟರ್ ತೆರೆದು ಪೆನ್ನಿನ ಮುಚ್ಚಳ ತೆಗೆಯುವ ಮೊದಲು, ಒಂದು ಸೋಮವಾರವೂ ತಪ್ಪದೆ, ಕೈ ಅಡ್ಡ ಮಾಡಿ ಹೇಳುತ್ತಿದ್ದರು:

"ಇನ್ನೊಂದ್ಸಲ ತೆಗೀರಿ ಮೇಡಂ."

ನಾನು ವಾಲ್ವ್ ಮುಚ್ಚಿ, ಇನ್ನೊಂದು ಸಲ ತೆಗೆಯುತ್ತಿದ್ದೆ.